ಒಬ್ಬನಿಗೆ ಒಬ್ಬಳೇ ಹೆಂಡತಿ

ಶಾಂಘೈನ ಆ ವಕೀಲೆ ಹೊಸ ಕಾನೂನನ್ನು ತಾನೇ ಬರೆದಿದ್ದಳು. ಒಬ್ಬನಿಗೆ ಒಬ್ಬಳೇ ಹೆಂಡತಿ. ಎರಡನೆಯವಳಿಗೆ ಯಾವ ಹಕ್ಕೂ ಇಲ್ಲ. ಅದು ಜಾರಿಯಾದ ತಿಂಗಳಿಗೇ ಅವಳ ಅಪ್ಪ ತೀರಿಕೊಂಡ. ವಾರ ಕಳೆಯುವಷ್ಟರಲ್ಲಿ ಅಪ್ಪನ ಎರಡನೆಯ ಹೆಂಡತಿ ಬಟ್ಟೆಗಂಟು ಹಿಡಿದು ಕಚೇರಿಗೆ ಬಂದಳು.

“ನಿಮ್ಮಣ್ಣ ನನ್ನನ್ನ ಹೊರಗೆ ಹಾಕ್ದ. ಕಾನೂನು ತೋರಿಸ್ದ.”

“ನಾನೇ ಬರೆದದ್ದು, ಚಿಕ್ಕಮ್ಮ.”

“ಗೊತ್ತು. ಊರಿಗೆಲ್ಲ ಹೇಳ್ಕೊಂಡು ಓಡಾಡಿದ್ದೇ ನಾನು. ಅದ್ರಲ್ಲಿ ನನಗೇನೂ ಇಲ್ವಾ?”

ವಕೀಲೆ ಗೊತ್ತಿದ್ದ ಪುಟವನ್ನೇ ಮತ್ತೆ ಓದಿದಳು.

“ಇಲ್ಲ.”

ಮುದುಕಿ ಗಂಟು ಎತ್ತಿಕೊಂಡಳು.

“ಹೋಗ್ಲಿ ಬಿಡು. ದೊಡ್ಡ ಹೆಂಡ್ತೀನ ಅಮ್ಮ ಅನ್ಬೇಕು, ಹೆತ್ತವಳನ್ನ ಚಿಕ್ಕಮ್ಮ ಅನ್ಬೇಕು ಅನ್ನೋದು ಆ ಮನೆ ಪದ್ಧತಿ. ನಾನೀಗ ಆ ಮನೆಯವಳಲ್ಲ. ಇನ್ನಾದ್ರೂ ಅಮ್ಮ ಅಂತೀಯಾ?”