ಗೋಡೆಯಾಚೆಯ ಹುಳುಗಳು

ಡಬ್ಬಿಯ ಮುಚ್ಚಳ ಕಿತ್ತು, ಬಾಯ್ಲರ್ ಅದನ್ನು ಗೋಡೆಯಾಚೆಗೆ ಕೊಡವಿದ. ಎಲೆಕೋಸಿನ ಹಸಿರು ಹುಳುಗಳು ಅತ್ತ ಉದುರಿದವು.

"ತಿನ್ನಿ. ಒಂದು ಎಲೆಯನ್ನೂ ಉಳಿಸಬೇಡಿ," ಎಂದು ಹಲ್ಲು ಕಡಿದ.

ಗೋಡೆಯಾಚೆ ಇದ್ದವನು ಒಡಹುಟ್ಟಿದ ಅಣ್ಣ. ಮನೆ ಪಾಲಾದಾಗ ಹಿತ್ತಲೂ ಪಾಲಾಯಿತು. ಚೀಟಿ ಎತ್ತಿದರು, ಬಿಸಿಲಿನ ಭಾಗ ಅಣ್ಣನಿಗೆ ಬಂತು, ನೆರಳು ಇವನಿಗೆ ಉಳಿಯಿತು. ತಮ್ಮನಿಗೆ ಎಲೆಕೋಸಿನ ಹುಚ್ಚು, ಅದಕ್ಕೆ ಬಿಸಿಲು ಬೇಕು ಎಂದು ಗೊತ್ತಿದ್ದೂ ಅಣ್ಣ ತುಟಿಪಿಟಕ್ಕೆನ್ನಲಿಲ್ಲ. ಅಂದೇ ಮಾತು ನಿಂತಿತು. ಆಳೆತ್ತರದ ಗೋಡೆಯನ್ನು ಇವನೇ ಮುಂದೆ ನಿಂತು ಕಟ್ಟಿಸಿದ.

ಗಿರಣಿಯ ಬಾಯ್ಲರ್ ನೋಡಿಕೊಳ್ಳುತ್ತಿದ್ದವನಿಗೆ ಆ ಸದ್ದಿನಲ್ಲಿ ಕಿವಿ ಮುಕ್ಕಾಲು ಹೋಗಿತ್ತು. ಮೂಗಿನ ತುದಿಯ ಕೋಪ ಮಾತ್ರ ಪೂರ್ತಿ ಉಳಿದಿತ್ತು. ಬಾಯ್ಲರ್ ಎಂಬ ಅಡ್ಡಹೆಸರು ಕೆಲಸದಿಂದ ಬಂತೋ ಕೋಪದಿಂದಲೋ ಹೇಳುವುದು ಕಷ್ಟ.

ನೆರಳಲ್ಲೇ ಬೆಳೆದು ತೋರಿಸುತ್ತೇನೆ ಎಂದು ಹಟಕ್ಕೆ ಬಿದ್ದ. ಬುಡಕ್ಕೆ ಮಣ್ಣೇರಿಸಿದ. ಕೋಸಿನ ಮೇಲೆ ಹನಿ ಬೀಳದಂತೆ ಬುಡಕ್ಕಷ್ಟೇ ನೀರು ಬಿಟ್ಟ. ಬೆಳಗಾದರೆ ಒಂದೊಂದೇ ಎಲೆ ಮಗುಚಿ ನೋಡಿ, ಬಿಳಿ ಚಿಟ್ಟೆಯ ಸಂತಾನವಾದ ಹುಳುಗಳನ್ನೆಲ್ಲ ಹೆಕ್ಕಿ ಡಬ್ಬಿಗೆ ತುಂಬಿದ. ಅಲ್ಲೇ ಹೊಸಕಿ ಹಾಕಬಹುದಿತ್ತು. ಆದರೆ ತನ್ನದು ಉಳಿದರೆ ಸಾಲದು, ಅಣ್ಣನದು ಹಾಳಾಗಬೇಕು.

"ಸುರಿದಾಯ್ತಾ? ತಿಂಡಿಗೆ ಬನ್ನಿ!" ಹೆಂಡತಿ ಕಿವಿಯ ಹತ್ತಿರ ಬಂದು ಕೂಗಿದಳು.

ತಟ್ಟೆಯಲ್ಲಿ ಬ್ರೆಡ್ಡು, ಬೇಯಿಸಿದ ಮೊಟ್ಟೆ. ಮೊಟ್ಟೆಯೊಳಗೆ ಅರಿಶಿನದ ಭಂಡಾರವೇ ಎನ್ನುವಂಥ ಹಳದಿ.

"ಈ ಮೊಟ್ಟೆ ಅಂಗಡಿಯವನೊಬ್ಬ ಮೋಸ ಮಾಡಲ್ಲ ನೋಡು. ಇವನನ್ನ ಬಿಡಬೇಡ."

"ನಾನ್ಯಾಕೆ ಬಿಡ್ಲಿ? ನಾನು ಯಾರನ್ನೂ ಬಿಟ್ಟೋಳಲ್ಲ," ಎಂದಳು ಅವಳು.

ತಿಂದವನೇ ತಾರಸಿ ಹತ್ತಿದ. ಗೋಡೆಯ ಬುಡ ಅಲ್ಲಿಂದ ಕಾಣದು, ಅಣ್ಣನ ಪಾತಿಗಳು ಕಾಣುತ್ತವೆ. ಕಂಡದ್ದು ನೋಡಿ ಮೈ ಉರಿಯಿತು. ದುಂಡಗೆ, ಬಿಗಿಯಾಗಿ ಕಟ್ಟಿದ ಕೋಸುಗಳು. ಒಂದೇ ಒಂದು ಎಲೆಯಲ್ಲೂ ತೂತಿಲ್ಲ! ಇಷ್ಟು ದಿನ ಸುರಿದ ಹುಳುಗಳೆಲ್ಲ ಎಲ್ಲಿ ಹೋದವು?

"ವಿಷ ಹೊಡೀತಿದ್ದಾನೆ," ಎಂದು ಅಬ್ಬರಿಸುತ್ತ ಇಳಿದ. "ಗಾಳಿಗೆ ನಮ್ಮ ಕೋಸಿಗೂ ಬರುತ್ತೆ. ಇವತ್ತು ಅವನುಂಟು ನಾನುಂಟು."

ಮತ್ತೆ ಎಲೆ ಮಗುಚಿ, ಸಿಕ್ಕ ಹುಳುಗಳನ್ನೆಲ್ಲ ಡಬ್ಬಿಗೆ ತುಂಬಿಕೊಂಡ. ಚಪ್ಪಲಿ ಮೆಟ್ಟುವಾಗ ಹೆಂಡತಿ, "ಹೋಗಿ ಬನ್ನಿ, ಭಾವ ಮನೇಲೇ ಇದ್ದಾರೆ," ಎಂದಳು.

ಈ ಸಲ ಕೋಸಿನ ನೆತ್ತಿಯ ಮೇಲೇ ಸುರಿಯಬೇಕು, ಅವನ ಕಣ್ಣೆದುರೇ. ಆಮೇಲೆ ಸತ್ತರೂ ಕೆಟ್ಟರೂ ಸಂಬಂಧವಿಲ್ಲ. ಹಾಗೆಂದುಕೊಂಡೇ ಅಣ್ಣನ ಬಾಗಿಲು ಗುದ್ದಿದ.

ಬಾಗಿಲು ತೆರೆದ ಅಣ್ಣ ಅವನನ್ನು ನೋಡಿದ, ಡಬ್ಬಿಯನ್ನು ನೋಡಿದ. ಕಣ್ಣು ತುಂಬಿ ಬಂತು. "ಲೇ, ತಮ್ಮ ಬಂದ ಕಣೇ!" ಎಂದು ಒಳಗೆ ಕೂಗಿ, ಇವನು ಬಾಯಿ ತೆರೆಯುವ ಮೊದಲೇ ರಟ್ಟೆ ಹಿಡಿದು ಹಿತ್ತಲಿಗೆ ಎಳೆದೊಯ್ದ.

ಗೋಡೆಯ ಬುಡದುದ್ದಕ್ಕೂ ತಂತಿಬಲೆಯ ಗೂಡು, ಮೇಲ್ಭಾಗ ತೆರೆದಿತ್ತು. ಒಳಗೆ ಕೊಬ್ಬಿದ ಕೋಳಿಗಳು ಕತ್ತೆತ್ತಿ ಗೋಡೆಯ ಅಂಚನ್ನೇ ನೋಡುತ್ತ ನಿಂತಿದ್ದವು.

ಅಣ್ಣ ಅವನ ಕಿವಿಗೆ ಬಾಯಿಟ್ಟು ಕೂಗಿದ: "ನೀನು ಮಾತು ಬಿಟ್ಟಾಗ ಎಲ್ಲ ಮುಗೀತು ಅಂದ್ಕೊಂಡಿದ್ದೆ ಕಣೋ. ಆಮೇಲೆ ದಿನಾ ನನ್ನ ಕೋಳಿಗೆ ಹುಳ ಹಾಕೋಕೆ ಶುರು ಮಾಡ್ದೆ. ಇವು ಕೂಗೋದು ನಿನಗೂ ಕೇಳಿಸ್ತಲ್ಲ ಅಂತ ಅತ್ತುಬಿಟ್ಟೆ!"

ಬಾಯ್ಲರ್ ಕೈಲಿದ್ದ ಡಬ್ಬಿಯನ್ನು ಬೆನ್ನ ಹಿಂದೆ ಮಾಡಿದ.

"ನಾನೂ ದಿನಾ ನಿನ್ನ ಹೆಂಡತಿ ಕೈಲಿ ಮೊಟ್ಟೆ ಕಳಿಸ್ತಿದ್ದೀನಿ, ಸಾಕಾಗ್ತಿದೆಯೇನೋ?"