ತಬಸ್ಸುಮ್‌ಗೆ ಮೀಸಲಿಟ್ಟ ತಪ್ಪು

ಈಗ ಎಲ್ಲರ ಎದೆಯಲ್ಲೂ ಬಡಿಯುವುದು ಯಂತ್ರದ ಹೃದಯವೇ. ಅದನ್ನು ನಡೆಸುವ ಕೋಡ್ ಯಾರೊಬ್ಬರ ಸ್ವತ್ತೂ ಅಲ್ಲ. ಯಾರು ಬೇಕಾದರೂ ತೆರೆದು ತಿದ್ದಬಹುದು. ಹಾಗೆ ತಿದ್ದಲು ಬರುವ ವಿದ್ಯಾರ್ಥಿಗಳನ್ನು ನೋಡಿಕೊಳ್ಳುವವಳು ಧಾರವಾಡದ ನೀಲಾಂಬಿಕಾ. ಸಣ್ಣಪುಟ್ಟ ತಪ್ಪುಗಳನ್ನು ಅನುಭವಿಗಳು ಮುಟ್ಟಬಾರದು, ಹೊಸಬರ ಕೈ ಪಳಗಲು ಬಿಡಬೇಕು ಎಂಬ ಕಟ್ಟಳೆ ಅವಳದೇ.

ಮೆಟ್ಟಿಲು ಹತ್ತುವಾಗ ಒಂದು ಬಡಿತ ತಪ್ಪುವ ದೋಷವನ್ನು ತಬಸ್ಸುಮ್ ಎಂಬ ಹುಡುಗಿ "ನಾ ಮಾಡ್ತೀನ್ರಿ ಮೇಡಂ" ಎಂದು ತಿದ್ದಲು ವಹಿಸಿಕೊಂಡು, ಪರೀಕ್ಷೆಯೆಂದು ಮಾಯವಾಗಿದ್ದಳು. ಇತ್ತ ಅವ್ವ ದಿನಾ ಎದೆ ಹಿಡಿದುಕೊಂಡು ಮೆಟ್ಟಿಲ ಮೇಲೆ ನಿಲ್ಲುವುದನ್ನು ನೋಡಿ ನೋಡಿ ನೀಲಾಂಬಿಕಾಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಇವತ್ತು ತಡೆಯಲಾರದೆ ತಾನೇ ತಿದ್ದಿ ಎಲ್ಲರ ಹೃದಯಕ್ಕೂ ಕಳಿಸಿಬಿಟ್ಟಳು.

ಸ್ವಲ್ಪ ಹೊತ್ತಿಗೆ ಅವ್ವ ದಡದಡ ಹತ್ತಿ ಬಂದಳು. "ನೋಡ ಇಲ್ಲೆ ನೀಲಾ, ಎಲ್ಲೂ ನಿಂತಿಲ್ಲ! ತಡಿ, ಕೆಳಗಿನ ಮನಿ ಗಂಗಕ್ಕಗ ಹೇಳಿ ಬರ್ತೀನಿ" ಎಂದು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು.

ಅಷ್ಟರಲ್ಲಿ ತಬಸ್ಸುಮ್‌ಳ ಸಂದೇಶ: "ಪರೀಕ್ಷಾ ಮುಗೀತ್ರಿ ಮೇಡಂ. ನನ್ನ ಕೆಲಸ ಯಾರಿಗೂ ಕೊಟ್ಟಿಲ್ಲ ಹೌದಲ್ರಿ?"

ನೀಲಾಂಬಿಕಾ ಅದನ್ನು ಎರಡು ಸಲ ಓದಿದಳು. ಹೋದ ಸಲ ಹೀಗೇ ತನ್ನ ಪಾಲಿನ ತಪ್ಪನ್ನು ಬೇರೆಯವರು ತಿದ್ದಿದ್ದಕ್ಕೆ ಹೋದ ಹುಡುಗ ತಿರುಗಿ ಬಂದೇ ಇರಲಿಲ್ಲ. ಅವಸರದಲ್ಲಿ ತಾನೇ ಬೇಕೆಂದು ಕೋಡಿನ ಒಂದು ಸಾಲು ಕೆಡಿಸಿ, ಎಲ್ಲರ ಹೃದಯಕ್ಕೂ ಕಳಿಸಿ, ಉತ್ತರ ಬರೆದಳು: "ಅದು ಹೋಗಲಿ ಬಿಡವಾ. ನಿನಗಂತ ಬ್ಯಾರೆ ಒಂದು ಇಟ್ಟೀನಿ. ಮೆಟ್ಟಿಲು ಇಳಿಯೂವಾಗ ಒಂದು ಬಡಿತ ತಪ್ಪತೈತಿ, ನೋಡು."

"ಥ್ಯಾಂಕ್ಯೂ ಮೇಡಂ!"

ಹೊರಗೆ, ಇಳಿಯುತ್ತಿದ್ದ ಅವ್ವನ ಚಪ್ಪಲಿಯ ಸದ್ದು ಅರ್ಧಕ್ಕೇ ನಿಂತಿತು.