ಎಲ್ಲೂ ಸೋರದ ಕಾರು

ಮೂರನೆಯ ಸಲವೂ ರೇಡಿಯೇಟರ್ ಖಾಲಿಯಾಗಿತ್ತು. ಮೆಕ್ಯಾನಿಕ್ ಬಾನೆಟ್ ಎತ್ತಿ ಟಾರ್ಚ್ ಬಿಟ್ಟು ನೋಡಿದ. ಇಂಜಿನ್ ತಣಿಸುವ ಹಸಿರು ಕೂಲೆಂಟಿನ ಒಂದು ತೊಟ್ಟೂ ಇಲ್ಲ. ಕೆಳಗೆ ಶೆಡ್ಡಿನ ಸಿಮೆಂಟ್ ನೆಲ ಒಣಗಿ ಬೆಳ್ಳಗಿತ್ತು.

"ಬೆಳಗ್ಗೆ ಏಳಕ್ಕೆ ನಾನೇ ನೋಡಿದೀನಿ. ಗೆರೆವರೆಗೂ ಇತ್ತು," ಎಂದರು ಕಾರಿನ ಒಡತಿ ಅಮ್ಮ. ಅವರ ತಂದೆ ಲಾರಿ ಓಡಿಸುತ್ತಿದ್ದವರು. ನೀರು ನೋಡದೆ ಕೀ ತಿರುಗಿಸಬಾರದು ಎಂದು ಕಲಿಸಿದ್ದರಂತೆ. ಅರವತ್ತು ದಾಟಿದರೂ ಅಮ್ಮ ಆ ಪಾಠ ಬಿಟ್ಟಿರಲಿಲ್ಲ. "ಮೂರೂವರೆಗೆ ಶಾಲೆ ಬಿಡುತ್ತೆ. ಮಗು ಗೇಟ್ ಹತ್ತಿರ ಕಾಯ್ತಾ ನಿಂತಿರುತ್ತೆ. ಏನಾದ್ರೂ ಮಾಡಪ್ಪ."

"ಎಲ್ಲಿ ಹೋಗ್ತಿದೆ ಅಂತ ಗೊತ್ತಾಗದೆ ತುಂಬಿಸಿ ಕಳಿಸೋ ಹಾಗಿಲ್ಲ ಅಮ್ಮ. ದಾರೀಲಿ ಖಾಲಿಯಾದ್ರೆ ಇಂಜಿನ್ನೇ ಹೋಗುತ್ತೆ."

"ನಾನು ಹೋಗ್ತೀನಿ ಬಿಡು." ಅಷ್ಟು ಹೊತ್ತೂ ಬಾಗಿಲಿಗೆ ಒರಗಿ ನಿಂತಿದ್ದ ಯಜಮಾನರು ಚಪ್ಪಲಿ ಮೆಟ್ಟಿಕೊಂಡರು. ಹೆಂಡತಿಯ ಮುಖ ನೋಡದೆ ರಸ್ತೆಗಿಳಿದರು.

ಅವರು ತಿರುವು ದಾಟಿದ ಮೇಲೆ ಅಮ್ಮ ದನಿ ತಗ್ಗಿಸಿದರು. "ಇವರನ್ನ ನೆಚ್ಚಿಕೊಳ್ಳೋ ಹಾಗಿಲ್ಲಪ್ಪ. ಈಚೆಗೆ ತುಂಬಾ ಮರೆವು. ಕನ್ನಡಕ ಸಕ್ಕರೆ ಡಬ್ಬೀಲಿ ಇರುತ್ತೆ. ಒಲೆ ಉರೀತಾನೇ ಇರುತ್ತೆ. ಕೇಳಿದ್ರೆ, ಹೌದು ನಾನೇ, ಅಂತಾರೆ. ಹೋದ ವಾರ ಹೀಗೇ ಶಾಲೆಗೆ ಹೋದವರು ಬರಿಗೈಲಿ ಬಂದ್ರು. ಮಗು ಎಲ್ಲಿ ಅಂದ್ರೆ ಬೆಪ್ಪಾಗಿ ನನ್ನ ಮುಖಾನೇ ನೋಡ್ತಾ ನಿಂತ್ರು."

ಮೆಕ್ಯಾನಿಕ್ಕಿಗೂ ಎರಡನೇ ತರಗತಿಯ ಮಗಳಿದ್ದಳು.

ಕಾರನ್ನು ಗ್ಯಾರೇಜಿಗೆ ಎಳೆದು ತಂದ. ಹಿಂದಿನ ಎರಡು ಸಲ ಮಾಡಿದ್ದನ್ನೆಲ್ಲ ಮತ್ತೆ ಮೊದಲಿನಿಂದ ಮಾಡಿದ. ರೇಡಿಯೇಟರಿಗೆ ಪಂಪು ಹಚ್ಚಿ ಒತ್ತಡ ಕೊಟ್ಟ. ಮಾಪಕದ ಮುಳ್ಳು ಅರ್ಧ ಗಂಟೆ ಕದಲಲಿಲ್ಲ. ಮುಚ್ಚಳದ ರಬ್ಬರ್ ಸರಿಯಾಗಿತ್ತು. ಪೈಪುಗಳಲ್ಲಿ ಬಿರುಕಿರಲಿಲ್ಲ. ಆಯಿಲ್ ಕಡ್ಡಿ ಎಳೆದು ನೋಡಿದ, ನೀರು ಬೆರೆತಿರಲಿಲ್ಲ. ಹೊಗೆ ಬೆಳ್ಳಗಿರಲಿಲ್ಲ. ಒಳಗೆಲ್ಲಾದರೂ ಜಿನುಗುತ್ತಿದೆಯೇ ಎಂದು ಕಾಲಡಿಯ ಚಾಪೆ ಎತ್ತಿ ಸವರಿದ, ಒಣ ಒಣ. ಹಿಂದಿನ ಸೀಟಿನಲ್ಲಿ ಒಡೆಯದ ಬಿಸ್ಕತ್ ಪೊಟ್ಟಣವೊಂದು ಮೂರು ವಾರದಿಂದ ಹಾಗೇ ಇತ್ತು.

ಕಾರಿಗೆ ರೋಗವಿಲ್ಲ ಎಂದಾದರೆ ಮನುಷ್ಯನ ಕೈವಾಡವಿರಬೇಕು. ಮೆಕ್ಯಾನಿಕ್ ಅಂಗಾತ ಮಲಗಿ ಕಾರಿನಡಿಗೆ ಸರಿದ. ರೇಡಿಯೇಟರಿನ ಬುಡದಲ್ಲಿ ನೀರಿಳಿಸುವ ಪ್ಲಾಸ್ಟಿಕ್ ತಿರುಪೊಂದಿರುತ್ತದೆ. ಅದರ ಕಿವಿಗಳಲ್ಲಿ ಇಕ್ಕಳದ ಹೊಸ ಗಾಯಗಳಿದ್ದವು. ಥಟ್ಟನೆ ನೆನಪಾಯಿತು. ಯಜಮಾನರ ಅಂಗಿತೋಳಿನ ಅಂಚಿಗೆ ಹಸಿರು ಕಲೆ. ಶೆಡ್ಡಿನ ಮೂಲೆಯ ಬೋಗುಣಿಗೂ ಅದೇ ಹಸಿರು.

ಪಾಪ, ಏನು ಮಾಡುತ್ತಿದ್ದೇನೆಂಬ ಎಚ್ಚರವಿಲ್ಲದ ಮುದುಕ. ಆದರೆ ಅತ್ತ ಗೇಟಿನ ಬಳಿ ಮಗುವೊಂದು ಕಾಯುತ್ತಿರುತ್ತದಲ್ಲ. ಹಿರಿಯರ ಮಾನ ತೆಗೆಯುವುದು ಬೇಡವೆಂದು ಅವನು ಅಮ್ಮನಿಗೆ ಹೇಳಲಿಲ್ಲ. ತಿರುಪು ಕಿತ್ತುಹಾಕಿ, ಅಲ್ಲಿ ಉಕ್ಕಿನ ಬೋಲ್ಟ್ ಕೂರಿಸಿ, ತನ್ನ ಸ್ಪ್ಯಾನರಿಗಷ್ಟೇ ಬಗ್ಗುವಂತೆ ಬಿಗಿದ.

ಮರುದಿನ ಹನ್ನೊಂದಕ್ಕೆ ಕಾರು ಮನೆ ಸೇರಿತು. "ಇನ್ನು ಒಂದು ಹನೀನೂ ಹೋಗಲ್ಲ ಅಮ್ಮ."

"ಪುಣ್ಯ ಕಟ್ಟಿಕೊಂಡೆ ಕಣಪ್ಪ," ಎಂದರು ಅಮ್ಮ. ಯಜಮಾನರ ಮುಖ ಬಾಡಿದ್ದನ್ನು ಕಂಡು ಮೆಕ್ಯಾನಿಕ್ ತನ್ನ ಗುಮಾನಿ ನಿಜವಾಯಿತೆಂದುಕೊಂಡ.

ಎರಡೂವರೆಗೆ ಯಜಮಾನರು ಗ್ಯಾರೇಜಿಗೆ ಏದುಸಿರು ಬಿಡುತ್ತ ಬಂದರು. ಮಂಡಿಗೆಲ್ಲ ಧೂಳು. ಬೆರಳ ತುದಿಗಳಲ್ಲಿ ರಕ್ತ.

"ಆ ಬೋಲ್ಟ್ ತೆಗೆದುಕೊಡಪ್ಪ. ಅವಳು ಮೂರಕ್ಕೆ ಹೊರಡ್ತಾಳೆ."

ಮೆಕ್ಯಾನಿಕ್ಕಿನ ತಾಳ್ಮೆ ಕೆಟ್ಟಿತು. "ನಿಮ್ಮ ವಯಸ್ಸು ನೋಡಿ ಸುಮ್ಮನಿದ್ದೆ ಯಜಮಾನರೇ. ಅಮ್ಮ ಅಷ್ಟು ಒದ್ದಾಡ್ತಿದ್ರೆ, ನೀವೇ ಕದ್ದು ಕೂಲೆಂಟ್ ಇಳಿಸ್ತೀರಲ್ಲ."

"ಇಳಿಸ್ತೀನಿ. ಗೊತ್ತಿದ್ದೇ ಇಳಿಸ್ತೀನಿ. ಅವಳು ಕಾರು ತೆಗೀಬಾರದು."

"ಹಾಗಾದ್ರೆ ಕೀ ಬಚ್ಚಿಡಬಹುದಿತ್ತಲ್ಲ?"

"ಬಚ್ಚಿಟ್ಟಿದ್ದೆ. ಮನೆಯೆಲ್ಲ ತಡಕಾಡಿ ಅತ್ತಳು. ನನ್ನನ್ನ ಹಗೆ ನೋಡೋ ಹಾಗೆ ನೋಡಿದಳು. ಕಾರು ಕೆಟ್ಟರೆ ಕಾರಿನ ಮೇಲೆ ಮಾತ್ರ ಸಿಟ್ಟು. ಸಂಜೆ ಹೊತ್ತಿಗೆ ಅದನ್ನೂ ಮರೀತಾಳೆ."

ಮೆಕ್ಯಾನಿಕ್ ಕೈಯೊರೆಸುತ್ತಿದ್ದವನು ನಿಲ್ಲಿಸಿದ. "ಮರೆವು ಇರೋದು ನಿಮಗಲ್ವಾ?"

"ಅವಳು ಹಾಗೆ ಅಂದುಕೊಂಡಿದ್ದಾಳೆ. ಅಂದುಕೊಳ್ಳಲಿ. ಅವಳು ಮರೆತದ್ದನ್ನೆಲ್ಲ ನನ್ನ ತಲೆಗೆ ಕಟ್ಟಿದ್ರೆ ನನಗೇನು ಭಾರ? ಹೋದ ತಿಂಗಳು ಯಾರದೋ ಮಗೂನ ಕಾರಲ್ಲಿ ಕೂರಿಸಿಕೊಂಡು ಬಂದುಬಿಟ್ಟಿದ್ಳು. ಆ ತಾಯಿಯ ಕಾಲು ಹಿಡಿದೆ, ಕ್ಷಮಿಸಿದಳು. ಇನ್ನೊಂದು ಸಲ ಯಾರು ಕ್ಷಮಿಸ್ತಾರೆ?"

ಮೆಕ್ಯಾನಿಕ್ ಸ್ಪ್ಯಾನರ್ ತೆಗೆದುಕೊಂಡು ಸ್ಕೂಟರಿನಲ್ಲಿ ಅವರನ್ನು ಕೂರಿಸಿಕೊಂಡ. ಶೆಡ್ಡಿಗೆ ಬಂದಾಗ ಮೂರಕ್ಕೆ ಹತ್ತು ನಿಮಿಷವಿತ್ತು. ಅವನು ಕಾರಿನಡಿಗೆ ಜಾರಿ ಬೋಲ್ಟ್ ಸಡಿಲಿಸಿದ. ಹಸಿರು ನೀರು ಸದ್ದಿಲ್ಲದೆ ಬೋಗುಣಿಗೆ ಇಳಿಯಿತು. ಒಳಮನೆಯಲ್ಲಿ ಅಮ್ಮ ತಲೆ ಬಾಚಿಕೊಳ್ಳುತ್ತ ಏನನ್ನೋ ಗುನುಗುತ್ತಿದ್ದರು.

"ಮತ್ತೆ ನಿಮ್ಮ ಮೊಮ್ಮಗು?" ಎಂದ ಅವನು ಅಡಿಯಿಂದಲೇ, ಪಿಸುದನಿಯಲ್ಲಿ. "ಅದು ಕಾಯ್ತಿರುತ್ತಲ್ಲ. ಇವತ್ತು ಯಾರು ಕರ್ಕೊಂಡು ಬರ್ತಾರೆ? ಬೇಕಾದ್ರೆ ನಾನೇ ಹೋಗಿ ಬರ್ತೀನಿ."

"ಅದು ನಮ್ಮ ಮಗು. ತೀರಿಕೊಂಡು ಇಪ್ಪತ್ತೆಂಟು ವರ್ಷ ಆಯ್ತಪ್ಪ," ಎಂದರು ಯಜಮಾನರು.